ಹೋಯಾ ಹೂ ಬಾಡಲಿ, ತೊಟ್ಟು ಉಳಿಯಲಿ

ಮೇಣದಂಥ ಪುಟ್ಟ ನಕ್ಷತ್ರ ಹೂಗಳ ಗೊಂಚಲು ಬಿಡುವ ಬಳ್ಳಿ ಹೋಯಾ. ಅದನ್ನು ಬೆಳೆಸುವವರಿಗೆ ಮೊದಲೇ ಒಂದು ಮಾತು: ಹೂ ಬಾಡಿದ ಮೇಲೆ ತೊಟ್ಟಿಗೆ ಕತ್ತರಿ ಹಾಕಬೇಡಿ. ಗುಲಾಬಿ ಸವರಿ ಅಭ್ಯಾಸವಾದ ಕೈ ಸುಮ್ನಿರುವುದಿಲ್ಲ, ಅಲ್ವಾ? ಆದರೆ ಕಾರ್ನೋಸಾದಂಥ ಹೋಯಾ ಜಾತಿಗಳು ಮುಂದಿನ ಸಲವೂ ಅದೇ ಮೋಟು ತೊಟ್ಟಿನ ತುದಿಯಲ್ಲೇ ಮೊಗ್ಗು ಕಟ್ಟುತ್ತವೆ. ಹತ್ತಿರದಿಂದ ನೋಡಿ, ಹಿಂದಿನ ಹೂಗಳು ಉದುರಿದ ಗುರುತುಗಳು ಅದರ ಮೇಲೆ ಒತ್ತೊತ್ತಾಗಿ ಕಾಣುತ್ತವೆ.

ಶುರುವಿಗೆ ಕಾರ್ನೋಸಾ, ಪ್ಯೂಬಿಕ್ಯಾಲಿಕ್ಸ್, ಲಕುನೋಸಾ ಈ ಮೂರು ಸಾಕು. ಹೃದಯದಾಕಾರದ ಒಂಟಿ ಎಲೆ ನೆಟ್ಟು ಮಾರುವ ಕೆರಿ ಎಂಬ ಜಾತಿ ಬೇಡ. ಗೆಣ್ಣಿಲ್ಲದ ಎಲೆ ವರ್ಷಗಟ್ಟಲೆ ಹಸಿರಾಗಿರುತ್ತದೆ, ಆದರೆ ಬಳ್ಳಿಯಾಗುವುದಿಲ್ಲ.

ಕಡ್ಡಿಯಿಂದ ಬೆಳೆಸುವುದಾದರೆ ಎರಡು ಗೆಣ್ಣಿರುವ ತುಂಡು ತೆಗೆದುಕೊಳ್ಳಿ. ಹೋಯಾ ನಮ್ಮ ಎಕ್ಕದ ಕುಟುಂಬದ್ದು, ಕತ್ತರಿಸಿದರೆ ಬಿಳಿ ಹಾಲು ಸುರಿಯುತ್ತದೆ. ಹಾಲು ನಿಂತು ಗಾಯ ಒಣಗಿದ ಮೇಲೆ ನೆಡಿ.

ಬರೀ ಕೆಂಪು ಮಣ್ಣು ತುಂಬಬೇಡಿ. ಹೆಚ್ಚಿನ ಹೋಯಾಗಳು ಕಾಡಿನಲ್ಲಿ ಮರದ ಮೇಲೆ ಹಬ್ಬುವಂಥವು. ಪಶ್ಚಿಮ ಘಟ್ಟದ ಹೋಯಾ ವೈಟಿಯೂ ಹಾಗೆಯೇ. ಅವುಗಳ ಬೇರಿಗೆ ಗಾಳಿ ಬೇಕು. ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಪರ್ಲೈಟ್ (ನರ್ಸರಿಯಲ್ಲಿ ಸಿಗುವ ಹಗುರ ಬಿಳಿ ಹರಳು), ಜೊತೆಗೆ ಒಂದು ಹಿಡಿ ಎರೆಗೊಬ್ಬರ ಬೆರೆಸಿ. 4 ಇಂಚಿನ ಕುಂಡ ಸಾಕು. ದೊಡ್ಡ ಕುಂಡದಲ್ಲಿ ತೇವ ನಿಂತು ಬೇರು ಕೊಳೆಯುತ್ತದೆ.

ಬೆಳಗಿನ ಎಳೆಬಿಸಿಲು ಬೀಳುವ ಪೂರ್ವದ ಬಾಲ್ಕನಿ ಒಳ್ಳೆಯದು. ನೀರು ಹಾಕುವ ಮುಂಚೆ ಹಳೇ ಎಲೆಯೊಂದನ್ನು ಮೆಲ್ಲಗೆ ಬಗ್ಗಿಸಿ ನೋಡಿ. ಗಟ್ಟಿಯಾಗಿದ್ದರೆ ಇನ್ನೂ ಕಾಯಿರಿ. ಮಳೆಗಾಲದಲ್ಲಂತೂ ಕೈ ಬಿಗಿಹಿಡಿಯಿರಿ.

ಎಲೆಯೇ ಇಲ್ಲದ ಉದ್ದನೆಯ ಕುಡಿ ಬಂದರೆ ಒಣಕಲೆಂದು ಚಿವುಟಬೇಡಿ, ಎಲೆಯೂ ಹೂವೂ ಆಮೇಲೆ ಬರುತ್ತವೆ. ಮೊಗ್ಗು ಕಂಡ ಮೇಲೆ ಕುಂಡದ ಜಾಗ ಬದಲಿಸಬೇಡಿ, ಮೊಗ್ಗು ಉದುರೀತು. ಗೆಣ್ಣಿನ ಸಂದಿಯಲ್ಲಿ ಬಿಳಿ ಹತ್ತಿಯಂತೆ ಕಂಡರೆ ಅದು ಹಿಟ್ಟು ತಿಗಣೆ. ಒರೆಸಿ, ಸಂಜೆ ಬೇವಿನೆಣ್ಣೆ ಸಿಂಪಡಿಸಿ.

ಇನ್ನು ಮೊದಲು ಹೇಳಿದ ಮೂರು ಜಾತಿಗಳ ಹೋಲಿಕೆ, ನನಗೆ ಜಾಸ್ತಿ ಇಷ್ಟವಾದ ಕೆಲಸ. ಮೂರನ್ನೂ ಒಂದೇ ಬೆಳಕಿನಲ್ಲಿ ತೂಗುಹಾಕಿ. ಬೆಳಕು ಬೇರೆಯಾದರೆ ಎಲೆ, ಹೂವಿನ ಬಣ್ಣವೂ ಬದಲಾಗುವುದರಿಂದ ಹೋಲಿಕೆ ನಿಲ್ಲುವುದಿಲ್ಲ. ಮೊಗ್ಗು ಕಂಡ ದಿನ, ಗೊಂಚಲಿನಲ್ಲಿ ಎಷ್ಟು ಹೂ, ಎಷ್ಟು ದಿನ ನಿಂತವು, ಎಲ್ಲ ಬರೆದಿಡಿ. ಕಾರ್ನೋಸಾದ ನಸುಗೆಂಪು ನಕ್ಷತ್ರಗಳ ನಡುವೆ ಕೆಂಪು ಚುಕ್ಕೆ. ಕೆಳಗೆ ಜೇನಿನ ಹನಿ ತೊಟ್ಟಿಕ್ಕುವುದೂ ಉಂಟು. ಲಕುನೋಸಾದ ಪುಟ್ಟ ಬಿಳಿ ಹೂವಿನ ದಳಗಳು ಹಿಂದಕ್ಕೆ ಸುರುಳಿಯಾಗಿ, ದಾಲ್ಚಿನ್ನಿಯ ಘಮ ಬರುತ್ತದೆ. ಪರಿಮಳವನ್ನು ಮಾತ್ರ ರಾತ್ರಿಯೇ ನೋಡಬೇಕು, ಹಗಲಲ್ಲಿ ಮೂಸಿ ತೀರ್ಮಾನಿಸಬೇಡಿ.

ಕಾರ್ನೋಸಾ, ಪ್ಯೂಬಿಕ್ಯಾಲಿಕ್ಸ್ ಎರಡರಲ್ಲಿ ಯಾವುದೆಂದು ನರ್ಸರಿಗಳಲ್ಲೂ ಗೊಂದಲವಿದೆ. ಪ್ಯೂಬಿಕ್ಯಾಲಿಕ್ಸ್ ಎಲೆ ಹೆಚ್ಚು ನೀಳ, ಮೇಲೆ ಬೆಳ್ಳಿ ಚುಕ್ಕೆ, ಹೂ ಸಾಮಾನ್ಯವಾಗಿ ಗಾಢ. ಎಲೆಯಷ್ಟನ್ನೇ ನಂಬದೆ ಲೇಬಲ್ಲಿನ ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ಪ್ರಶ್ನೆಗುರುತು ಹಾಕಿಡಿ. ಹೂ ಬಂದ ಮೇಲೆ ಅಳಿಸಬಹುದು.