ಹಲ್ಲಿನ ಸಂದಿಗೆ ಹಿಡಿಕಡ್ಡಿ ಬೇಡ, ದಾರ ಹಿಡಿಯಿರಿ

ಶಿರಸಿಯಲ್ಲಿ ಹಲ್ಲಿನ ಡಾಕ್ಟರರ ಬಳಿ ಸಹಾಯಕಿಯಾಗಿದ್ದೇನೆ. ಬಂದವರ ಕೈಗೆ ಕನ್ನಡಿ ಕೊಟ್ಟು ಹಲ್ಲು ತಿಕ್ಕುವುದನ್ನು ಹೇಳಿಕೊಡುವುದೂ ನನ್ನ ಕೆಲಸವೇ. ಎಷ್ಟೋ ಜನರ ಮುಂದಿನ ಹಲ್ಲು ಸ್ವಚ್ಛವಾಗಿರುತ್ತದೆ. ಹುಳುಕು ಕೂತಿರುವುದು ಎರಡು ದವಡೆಹಲ್ಲುಗಳ ನಡುವೆ. ಅಲ್ಲಿಗೆ ಬ್ರಶ್ಶಿನ ಎಳೆ ಹೋಗುವುದೇ ಇಲ್ಲ. ಅಡಿಕೆ ಚೂರೋ ಮೀನಿನ ಮುಳ್ಳೋ ಸಿಕ್ಕಿಕೊಂಡರೆ ನಮ್ಮವರು ಹಿಡಿಕಡ್ಡಿ (ಪೊರಕೆ ಕಡ್ಡಿ) ಮುರಿದು ಚುಚ್ಚುತ್ತಾರೆ, ಇಲ್ಲವೇ ಸೇಫ್ಟಿ ಪಿನ್ನು ಬಿಚ್ಚುತ್ತಾರೆ. ಚೂರು ಹೊರಬರುತ್ತದೆ, ನಿಜ. ಆದರೆ ವಸಡಿಗೆ ಗಾಯವಾಗುತ್ತದೆ, ಹಲ್ಲಿನ ಮೈಗೆ ಅಂಟಿದ ಲೋಳೆ ಹಾಗೇ ಉಳಿಯುತ್ತದೆ. ಹಲ್ಲು ಕೆಡಿಸುವುದು ಆ ಲೋಳೆಯೇ. ಜೋನಿಬೆಲ್ಲ ಹಚ್ಚಿದ ದೋಸೆ ತಿಂದರೆ ಲೋಳೆಯಲ್ಲಿರುವ ಬ್ಯಾಕ್ಟೀರಿಯಾಗಳು ಸಿಹಿಯನ್ನು ಆಮ್ಲ ಮಾಡುತ್ತವೆ, ಆಮ್ಲ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕರಗಿಸುತ್ತದೆ.

ಮೊದಲು ಬ್ರಶ್ಶು. ಎಳೆ ಮೆತ್ತಗಿರಲಿ, ತಲೆ ಚಿಕ್ಕದಿರಲಿ. ಪೇಸ್ಟಿನಲ್ಲಿ ಹುಳುಕು ತಡೆಯುವ ಫ್ಲೋರೈಡ್ ಇದೆಯೇ ಎಂದು ಟ್ಯೂಬಿನ ಮೇಲೆ ಓದಿ: ದೊಡ್ಡವರಿಗೆ 1000ದಿಂದ 1500 ಪಿಪಿಎಂ, ಬಟಾಣಿ ಕಾಳಿನಷ್ಟು ಸಾಕು. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು. ಬ್ರಶ್ಶನ್ನು ವಸಡು ಮತ್ತು ಹಲ್ಲು ಕೂಡುವ ಗೆರೆಗೆ 45 ಡಿಗ್ರಿ ಓರೆಯಾಗಿ ಇಟ್ಟು, ಅಲ್ಲೇ ಸಣ್ಣಗೆ ಅಲುಗಿಸಿ, ಆಮೇಲೆ ಹಲ್ಲಿನ ತುದಿಯ ಕಡೆಗೆ ಎಳೆಯಿರಿ. ಹೊರಮೈ, ಒಳಮೈ, ಜಗಿಯುವ ಮೈ ಎಲ್ಲ ಸೇರಿ ಎರಡು ನಿಮಿಷ. ಕೆಳಗಿನ ಮುಂಭಾಗದ ಹಲ್ಲುಗಳ ಒಳಮೈಗೆ ಬ್ರಶ್ಶನ್ನು ನೆಟ್ಟಗೆ ನಿಲ್ಲಿಸಿ ತಿಕ್ಕಿ. ಜೊಲ್ಲಿನ ಗ್ರಂಥಿಗಳು ಅಲ್ಲೇ ತೆರೆದುಕೊಳ್ಳುವುದರಿಂದ ಲೋಳೆ ಗಟ್ಟಿಯಾಗಿ ಗಾರೆ ಬೇಗ ಕಟ್ಟುವ ಜಾಗ ಅದು. ಉಮಿಕರಿ, ಇಟ್ಟಿಗೆಪುಡಿ ಬೇಡವೇ ಬೇಡ. ಅವು ಹಲ್ಲನ್ನು ಸವೆಸುತ್ತವೆ, ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ತಿಕ್ಕಿದ ಮೇಲೆ ನೊರೆ ಉಗಿಯಿರಿ, ಅಷ್ಟೇ. ಬಚ್ಚಲಲ್ಲಿ ನಿಂತು ಚೊಂಬುಗಟ್ಟಲೆ ನೀರು ಮುಕ್ಕಳಿಸಿದರೆ ಫ್ಲೋರೈಡ್ ಎಲ್ಲ ಹೋಯಿತು.

ಇನ್ನು ದಾರ. ಮೆಡಿಕಲ್ ಶಾಪಿನಲ್ಲಿ ಡೆಂಟಲ್ ಫ್ಲಾಸ್ ಎಂದು ಕೇಳಿ. ಹೊಲಿಗೆ ದಾರ ಬೇಡ. ಸುಮಾರು 45 ಸೆಂಟಿಮೀಟರ್ ತುಂಡರಿಸಿ, ಎರಡೂ ನಡುಬೆರಳಿಗೆ ಸುತ್ತಿ. ಹೆಬ್ಬೆರಳು, ತೋರುಬೆರಳುಗಳ ನಡುವೆ ಎರಡು ಮೂರು ಸೆಂಟಿಮೀಟರ್ ಬಿಗಿಯಾಗಿ ಹಿಡಿಯಿರಿ. ಸಂದಿಯೊಳಗೆ ಒಮ್ಮೆಲೇ ಒತ್ತಬೇಡಿ, ವಸಡು ಕತ್ತರಿಸುತ್ತದೆ. ಗರಗಸ ಎಳೆದ ಹಾಗೆ ಮೆಲ್ಲಗೆ ಆಚೀಚೆ ಆಡಿಸುತ್ತ ಇಳಿಸಿ. ಇಳಿದ ಮೇಲೆ ದಾರವನ್ನು ಒಂದು ಹಲ್ಲಿನ ಮೈಗೆ ಬಾಗಿಸಿ ಅಪ್ಪಿಸಿ, ವಸಡಿನ ಅಂಚಿನೊಳಗೆ ತುಸು ಜಾರಿಸಿ, ಮೇಲೆ ಕೆಳಗೆ ಉಜ್ಜಿ. ಅದೇ ಸಂದಿಯಲ್ಲಿ ಪಕ್ಕದ ಹಲ್ಲಿಗೂ ಹಾಗೇ ಮಾಡಿ. ಒಂದೇ ಬದಿ ಉಜ್ಜಿ ಮುಂದಕ್ಕೆ ಹೋಗುವವರೇ ಹೆಚ್ಚು. ಅಲ್ಲಿಗೆ ಅರ್ಧ ಕೆಲಸ ಉಳಿಯಿತು. ಮುಂದಿನ ಸಂದಿಗೆ ಬೆರಳಿನಿಂದ ಹೊಸ ದಾರ ಬಿಚ್ಚಿಕೊಳ್ಳಿ. ಕಟ್ಟಕಡೆಯ ದವಡೆಹಲ್ಲಿನ ಹಿಂಬದಿಯನ್ನೂ ಮರೆಯಬೇಡಿ. ಸಂದಿ ಅಗಲವಾಗಿದ್ದರೆ ದಾರಕ್ಕಿಂತ ಸಂದಿಗೆಂದೇ ಸಿಗುವ ಪುಟ್ಟ ಬ್ರಶ್ಶು ಒಳ್ಳೆಯದು.

ರಾತ್ರಿ ಮಲಗುವ ಮುಂಚೆ ಇದನ್ನು ತಪ್ಪಿಸಬೇಡಿ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಆಮ್ಲ ತೊಳೆಯುವವರಿಲ್ಲ.

“ತಂಗೀ, ತಿಕ್ಕಿದ್ರೆ ರಕ್ತ ಬತ್ತು” ಎಂದು ಹಿರಿಯರು ಆ ಜಾಗವನ್ನೇ ಬಿಟ್ಟಿರುತ್ತಾರೆ. ಬಿಟ್ಟಷ್ಟೂ ವಸಡು ಊದುತ್ತದೆ, ಇನ್ನಷ್ಟು ರಕ್ತ ಬರುತ್ತದೆ. ಮೆತ್ತಗೆ ದಿನವೂ ಶುಚಿ ಮಾಡಿದರೆ ಒಂದೆರಡು ವಾರದಲ್ಲಿ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಆಗದಿದ್ದರೆ ಡಾಕ್ಟರರಿಗೆ ತೋರಿಸಿ. ಅಪ್ಪೆಹುಳಿ ಕುಡಿದ ಕೂಡಲೇ ಮಾತ್ರ ಬ್ರಶ್ ಹಿಡಿಯಬೇಡಿ. ಹುಳಿಗೆ ಎನಾಮಲ್ ಮೆದುವಾಗಿರುತ್ತದೆ. ನೀರು ಮುಕ್ಕಳಿಸಿ ಅರ್ಧ ಗಂಟೆ ಕಾಯಿರಿ.

ಇನ್ನು ಕವಳದ, ಅಂದರೆ ಎಲೆ ಅಡಿಕೆಯ ಮಾತು. ನಾನೂ ಅಡಿಕೆ ತೋಟದ ಮನೆಯವಳು, ಹೇಳಲು ಸಂಕಟವಾಗುತ್ತದೆ. ತಂಬಾಕು ಹಾಕದಿದ್ದರೂ ಅಡಿಕೆ ಜಗಿಯುವುದರಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ದಾರವಾಗಲಿ ಬ್ರಶ್ಶಾಗಲಿ ಅದನ್ನು ತಡೆಯುವುದಿಲ್ಲ, ಬಿಡುವುದೊಂದೇ ದಾರಿ. ಈಗ ಹಾಕುತ್ತಿರುವವರು ಕನ್ನಡಿ ಮುಂದೆ ನಿಂತು, ತೋರುಬೆರಳು, ನಡುಬೆರಳು, ಉಂಗುರಬೆರಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಹಿಡಿಯಿರಿ. ಮೂರೂ ಹಿಡಿಯದಿದ್ದರೆ, ಕೆನ್ನೆಯ ಒಳಗೆ ಬಿಳಿಚಿ ಗಟ್ಟಿಯಾಗಿದ್ದರೆ, ಖಾರ ತಾಗಿದರೆ ಉರಿಯುತ್ತಿದ್ದರೆ, ಹಲ್ಲು ನೋಯುವವರೆಗೆ ಕಾಯದೆ ಈ ವಾರವೇ ಆಸ್ಪತ್ರೆಗೆ ಹೋಗಿ.