ಬೇರಿಂಗ್ ಮೊದಲು, ಗ್ರೈಂಡಿಂಗ್ ಆಮೇಲೆ: ಎಂಜಿಬಿ ಇಂಜಿನ್ ಕಟ್ಟಿದ ನನ್ನ ಅನುಭವ

ಹಳೇ ಸ್ಪೋರ್ಟ್ಸ್ ಕಾರಿನ ಇಂಜಿನ್ ಬಿಚ್ಚಿದವರು ಯಾರೇ ಕೇಳಲಿ, ನಾನು ಮೊದಲು ಹೇಳೋದು ಒಂದೇ ಮಾತು. ಬೇರಿಂಗ್ ಸೆಟ್ ಕೈಗೆ ಬರೋ ತನಕ ಕ್ರ್ಯಾಂಕನ್ನು ಗ್ರೈಂಡಿಂಗ್‌ಗೆ ಕೊಡಬೇಡಿ. (ಕ್ರ್ಯಾಂಕ್ ಅಂದರೆ ಪಿಸ್ಟನ್‌ಗಳ ಏರಿಳಿತವನ್ನು ತಿರುಗಾಟ ಮಾಡೋ ಶಾಫ್ಟು, ಅದು ತಿರುಗೋದು ಬೇರಿಂಗ್‌ಗಳ ಒಳಗೆ. ಸವೆದ ಕ್ರ್ಯಾಂಕನ್ನು ಉಜ್ಜಿ ಮತ್ತೆ ದುಂಡಗೆ ಮಾಡೋದೇ ಗ್ರೈಂಡಿಂಗ್. ಅದು ತೆಳ್ಳಗಾದಷ್ಟೂ ದಪ್ಪ ಬೇರಿಂಗ್ ಬೇಕು.)

ನಮ್ಮ ದಾವಣಗೆರೆಯಲ್ಲಿ ನಡೆಯೋದು ಇದರ ಉಲ್ಟಾ. ಲಾರಿ, ಟ್ರ್ಯಾಕ್ಟರ್ ಇಂಜಿನ್ ಇಳಿಸಿದರೆ ಕ್ರ್ಯಾಂಕ್ ನೇರ ಗ್ರೈಂಡಿಂಗ್ ಶಾಪಿಗೆ ಹೋಗುತ್ತದೆ. ಟೆನ್ ಸೈಜೋ ಟ್ವೆಂಟಿ ಸೈಜೋ (ಮೂಲ ಅಳತೆಗಿಂತ ಇಂಚಿನ ಸಾವಿರದಲ್ಲಿ ಹತ್ತು ಭಾಗ ಕಡಿಮೆಯೋ ಇಪ್ಪತ್ತು ಕಡಿಮೆಯೋ) ಅಂತ ಚೀಟಿ ಬರೆಸಿಕೊಂಡು ಪಿ.ಬಿ. ರಸ್ತೆಯ ಸ್ಪೇರ್ ಅಂಗಡಿಗೆ ಹೋದರೆ ಸಂಜೆಯೊಳಗೆ ಬೇರಿಂಗ್ ಸಿಗುತ್ತದೆ. ಆ ಗಾಡಿಗಳಿಗೆ ಅದು ಸರಿ. ಆದರೆ ನನ್ನದು 1967ರ ಎಂಜಿಬಿ ಅನ್ನೋ ಬ್ರಿಟಿಷ್ ಸ್ಪೋರ್ಟ್ಸ್ ಕಾರು, 1798 ಸಿಸಿ ಇಂಜಿನ್. ಅದರ ಶೆಲ್ (ಅರ್ಧ ಬಳೆಯಂಥ ಬೇರಿಂಗ್ ತುಂಡು) ಇಂಗ್ಲೆಂಡಿನಿಂದ ಬರಬೇಕು. ಗ್ರೈಂಡ್ ಆದ ಮೇಲೆ ಬೇಕಾದ ಸೈಜ್ ಬೇಕಾದ ಕಂಪನಿಯದು ಸಿಗದಿದ್ದರೆ ಇನ್ನೊಂದು ಸೈಜ್ ಇಳಿಸಬೇಕು, ಮತ್ತೆ ಕ್ರ್ಯಾಂಕ್ ತೆಳ್ಳಗಾಗುತ್ತದೆ. ಈ ಇಂಜಿನ್‌ಗೆ 40 ಥೌ ಕಡಿಮೆ ಸೈಜಿನ ತನಕ ಶೆಲ್ ಇವೆ. ಅದರಾಚೆ ಬೇರೆ ಕ್ರ್ಯಾಂಕ್ ಹುಡುಕಬೇಕು, ಅದನ್ನು ಇಲ್ಲಿ ಎಲ್ಲಿ ಅಂತ ಹುಡುಕೋದು? (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಲೇತ್ ಶಾಪಿನಲ್ಲಿ ಎಲ್ಲರ ಬಾಯಲ್ಲೂ ಇದೇ ಲೆಕ್ಕ.)

ಆರ್ಡರ್ ಮಾಡೋಕೆ ಮುಂಚೆ ಇಂಜಿನ್ ನಂಬರ್ ನೋಡಿಕೊಳ್ಳಿ. 1962ರಲ್ಲಿ ಬಂದ ಮೊದಲ ಎಂಜಿಬಿಗೆ 3 ಮೇನ್ ಬೇರಿಂಗ್ (ಕ್ರ್ಯಾಂಕನ್ನು ಬ್ಲಾಕಿನಲ್ಲಿ ಹಿಡಿದಿಡೋವು), 1964ರ ಕೊನೆಯಿಂದ 5. ನನ್ನ ಕಾರಿನದು 5. ಆದರೂ ಕಾರಿನ ವರ್ಷ ನಂಬಿ ಕೂರಬಾರದು, ಯಾವ ಕಾಲದಲ್ಲಿ ಯಾರು ಯಾವ ಇಂಜಿನ್ ಕೂರಿಸಿದ್ದಾರೋ ಹೇಳೋಕಾಗಲ್ಲ. ಹಳೇ ಶೆಲ್ಲನ್ನೂ ತಿರುಗಿಸಿ ನೋಡಿ. ನನ್ನದರ ಬೆನ್ನ ಮೇಲೆ ‘010’ ಅಂತ ಒತ್ತಿತ್ತು. ಅಂದರೆ ಹಿಂದೆ ಒಮ್ಮೆ ಟೆನ್ ಸೈಜ್ ಆಗಿದೆ. ಮೈಕ್ರೋಮೀಟರ್ ಹಿಡಿದಾಗ ಎರಡು ಬಿಗ್ ಎಂಡ್ ಜರ್ನಲ್ (ಪಿಸ್ಟನ್ನಿನ ಕಾನ್‌ರಾಡ್ ಹಿಡಿಯೋ ಕ್ರ್ಯಾಂಕಿನ ದುಂಡು ಭಾಗ) ಅಂಡಾಕಾರ ಆಗಿದ್ದವು, ಉಗುರು ಎಳೆದರೆ ಗೀರು ತಗಲುತ್ತಿತ್ತು. ಹಾಗಾಗಿ ಟ್ವೆಂಟಿ ಸೈಜ್ ಅಂತ ನಿರ್ಧಾರವಾಯಿತು.

ಮುಂದಿನ ಪ್ರಶ್ನೆ, ಯಾವ ಲೋಹ? ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಇಲ್ಲೇ.

ಮುಖ್ಯವಾಗಿ ಎರಡು ಜಾತಿ. ಒಂದು ಮೂರು ಪದರದ್ದು: ಹಿಂದೆ ಸ್ಟೀಲು, ನಡುವೆ ತಾಮ್ರ-ಸೀಸದ ಮಿಶ್ರಣ, ಮೇಲೆ ಅರ್ಧ ಥೌದಿಂದ ಒಂದು ಥೌ ದಪ್ಪದ ಮೆತ್ತನೆಯ ಸೀಸದ ಲೇಪ. ಇನ್ನೊಂದು ಎರಡು ಪದರದ್ದು: ಸ್ಟೀಲಿನ ಮೇಲೆ ಅಲ್ಯುಮಿನಿಯಂ-ತವರ, ಕೆಲವದರಲ್ಲಿ ಸಿಲಿಕಾನ್ ಕೂಡ. ಮೂರು ಪದರದ್ದು ಒಂದು ಸಣ್ಣ ಕಸ ಬಂದರೆ ಅದನ್ನು ತನ್ನ ಮೈಯೊಳಗೆ ಹುದುಗಿಸಿಕೊಳ್ಳುತ್ತದೆ, ಜರ್ನಲ್‌ಗೆ ಗೀರು ಬೀಳೋದು ಕಡಿಮೆ. ಕ್ರ್ಯಾಂಕ್ ಕೂದಲೆಳೆಯಷ್ಟು ಆಚೀಚೆ ಇದ್ದರೂ ಹೊಂದಿಕೊಳ್ಳುತ್ತದೆ. ಅಲ್ಯುಮಿನಿಯಂ ಬೇರಿಂಗ್ ಸವೆಯೋದು ನಿಧಾನ, ಬಾಳಿಕೆ ಚೆನ್ನಾಗಿದೆ, ಈಗಿನ ಎಷ್ಟೋ ಕಾರಲ್ಲಿ ಅದೇ ಇದೆ. ಸಿಲಿಕಾನ್ ಸೇರಿಸಿದ್ದು ಎರಕದ ಕಬ್ಬಿಣದ ಕ್ರ್ಯಾಂಕಿನ ಮೇಲ್ಮೈಯನ್ನು ಉಜ್ಜಿ ನುಣುಪು ಮಾಡಲಿ ಅಂತ. ಎಂಜಿಬಿ ಕ್ರ್ಯಾಂಕ್ ಫೋರ್ಜ್ ಮಾಡಿದ ಸ್ಟೀಲು, ಅದಕ್ಕೆ ಆ ಉಜ್ಜಾಟ ಬೇಕಿಲ್ಲ. ನನ್ನ ಕ್ರ್ಯಾಂಕ್‌ಗೆ ನೈಟ್ರೈಡಿಂಗ್ (ಮೇಲ್ಮೈ ಗಟ್ಟಿ ಮಾಡೋ ಕೆಲಸ) ಕೂಡ ಆಗಿರಲಿಲ್ಲ.

ಮೆಕ್ಕೆಜೋಳದ ಸೀಸನ್‌ನಲ್ಲಿ ನಮ್ಮೂರ ರಸ್ತೆಯ ಧೂಳು ಗೊತ್ತಲ್ವಾ? ಏರ್ ಫಿಲ್ಟರ್ ಎಷ್ಟೇ ಚೆನ್ನಾಗಿದ್ದರೂ ಹಳೇ ಇಂಜಿನ್‌ಗೆ ಸ್ವಲ್ಪ ಕಸ ಹೋಗಿಯೇ ಹೋಗುತ್ತದೆ. ನಾನು ಓಡಿಸೋದು ಚಿತ್ರದುರ್ಗಕ್ಕೆ ಹೋಗಿ ಬರುವಷ್ಟು, ಹೈವೇಯಲ್ಲಿ ಗಂಟೆಗೆ 100 ಕಿ.ಮೀ. ಹೋದರೆ ಟಾಪ್ ಗೇರಿನಲ್ಲಿ ಇಂಜಿನ್ 3500 ಆರ್‌ಪಿಎಂ ಹತ್ತಿರ ಇರುತ್ತದೆ. ಇದು ರೇಸ್ ಅಲ್ಲ. ಶೆಲ್ ಬೇಗ ಸವೆದರೆ ಸವೆಯಲಿ, ಅದನ್ನು ಬದಲಾಯಿಸಬಹುದು. ಕ್ರ್ಯಾಂಕ್ ಉಳಿಯಬೇಕು. ಹಾಗಾಗಿ ಮೂರು ಪದರದ್ದನ್ನೇ ತರಿಸಿದೆ.

ಹಳೇ ಬ್ರಿಟಿಷ್ ಕಾರಿನವರು ಈಗಲೂ ವಾಂಡರ್ವೆಲ್ ಶೆಲ್ ಅಂದರೆ ಜೀವ ಬಿಡುತ್ತಾರೆ. ಈ ತೆಳು ಗೋಡೆಯ ಬೇರಿಂಗ್ ಇಂಗ್ಲೆಂಡಿನಲ್ಲಿ ತಯಾರಾಗುವಂತೆ ಮಾಡಿದವರು ಟೋನಿ ವಾಂಡರ್ವೆಲ್. 1958ರಲ್ಲಿ ಫಾರ್ಮುಲಾ ಒನ್‌ನ ಮೊಟ್ಟಮೊದಲ ಕನ್‌ಸ್ಟ್ರಕ್ಟರ್ಸ್ ಚಾಂಪಿಯನ್‌ಶಿಪ್ ಗೆದ್ದ ವಾನ್‌ವಾಲ್ ತಂಡವೂ ಅವರದೇ. ಬಳಸದ ಹಳೇ ಸ್ಟಾಕ್ ಸಿಕ್ಕರೆ ಒಳ್ಳೆಯದೇ, ಆದರೆ ಲೇಪದ ಮೇಲೆ ಕಲೆ, ತುಕ್ಕು ಇದೆಯಾ ಅಂತ ಬೆಳಕಿನಲ್ಲಿ ಹಿಡಿದು ನೋಡಿ. ಹೆಸರು ನೋಡಿ ಸುಮ್ನೆ ದುಡ್ಡು ಕೊಡಬೇಡಿ.

ಶೆಲ್ ಬಂದ ಮೇಲೆ ಕಾನ್‌ರಾಡ್, ಬ್ಲಾಕ್, ಕ್ರ್ಯಾಂಕ್ ಮೂರನ್ನೂ ಗ್ರೈಂಡಿಂಗ್ ಶಾಪಿಗೆ ಹೊತ್ತುಕೊಂಡು ಹೋದೆ.

“ಸರ್, ಟ್ವೆಂಟಿ ಸೈಜ್ ಅಂದ್ರೆ ಟ್ವೆಂಟಿ ಸೈಜ್. ಇದನ್ನೆಲ್ಲ ಯಾಕ್ ತಂದ್ರಿ?” ಅಂದರು ಮೇಸ್ತ್ರಿ.

“ಮೇಸ್ತ್ರಿ, ಶೆಲ್ ಹಾಕಿ ಒಳ ಅಳತೆ ತಗೊಂಡು, ಅದಕ್ಕೆ ತಕ್ಕಂಗೆ ಇಳಿಸಿ ಕೊಡ್ರಿ” ಅಂದೆ.

ಅವರು ರಾಡ್‌ಗೆ ಶೆಲ್ ಕೂರಿಸಿ, ಕ್ಯಾಪ್ ಹಾಕಿ, ಟಾರ್ಕ್ ವ್ರೆಂಚಿನಲ್ಲಿ ಪೂರ್ತಿ ಬಿಗಿ ಮಾಡಿ ಬೋರ್ ಗೇಜ್ ಇಳಿಸಿದರು. ಅಳತೆ ತೆಗೆಯಬೇಕಾದ್ದು ಎರಡು ಶೆಲ್ ಕೂಡುವ ಗೆರೆಗೆ ಅಡ್ಡಲಾಗಿ, ಅಂದರೆ ಮೇಲಿನಿಂದ ಕೆಳಕ್ಕೆ. ಶೆಲ್ ನಡುವೆ ದಪ್ಪ, ಕೂಡುವ ತುದಿಯಲ್ಲಿ ಬೇಕೆಂದೇ ತೆಳ್ಳಗೆ ಮಾಡಿರುತ್ತಾರೆ, ಅಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಉದಾಹರಣೆಗೆ ಒಳ ಅಳತೆ 1.8580 ಇಂಚು ಬಂತು ಅಂತ ಇಟ್ಟುಕೊಳ್ಳಿ. ಜರ್ನಲ್ 1.8562ಕ್ಕೆ ಇಳಿದರೆ ಗ್ಯಾಪ್ 1.8 ಥೌ. ಟ್ವೆಂಟಿ ಸೈಜಿಗೆ ವರ್ಕ್‌ಶಾಪ್ ಪುಸ್ತಕ ಕೊಡುವ ಜರ್ನಲ್ ಅಳತೆ 1.8559ರಿಂದ 1.8564, ಅದರೊಳಗೆ ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ಕೈಯಲ್ಲಿರೋ ಶೆಲ್ಲೇ ಹೇಳುತ್ತದೆ. ಒಂದು ಇಂಚು ವ್ಯಾಸಕ್ಕೆ ಒಂದು ಥೌ ಅನ್ನೋ ಹಳೇ ಲೆಕ್ಕ ಈ ಇಂಜಿನ್‌ಗೆ ಸರಿ ಕೂರುತ್ತದೆ. ಬಿಗ್ ಎಂಡ್‌ಗೆ ಎರಡು ಥೌಗಿಂತ ಸ್ವಲ್ಪ ಕಡಿಮೆ, ಮೇನ್‌ಗೆ ಎರಡರ ಮೇಲೆ ಸ್ವಲ್ಪ. ಜೊತೆಗೆ 20ಡಬ್ಲ್ಯೂ-50 ಎಣ್ಣೆ, ನಮ್ಮ ಬೇಸಿಗೆಗೆ ಅದಕ್ಕಿಂತ ತೆಳ್ಳಗಿದ್ದು ಬೇಡ. ಇನ್ನೊಂದು ವಿಷಯ ಮೇಸ್ತ್ರಿಗೆ ಒತ್ತಿ ಹೇಳಿದ್ದೆ. ಜರ್ನಲ್‌ನ ಮೂಲೆಯ ದುಂಡು ಹಾಗೇ ಉಳಿಯಬೇಕು, ಚೂಪಾಗಿ ಕತ್ತರಿಸಿದರೆ ಕ್ರ್ಯಾಂಕ್ ಬಿರುಕು ಬಿಡೋದು ಅಲ್ಲಿಂದಲೇ.

ಇಂಜಿನ್ ಜೋಡಿಸೋವಾಗ ಯಾರಾದರೂ ಎಮರಿ ಪೇಪರ್ ಅಥವಾ ಸ್ಕ್ರೇಪರ್ ತಗೊಂಡು ಶೆಲ್ ಹತ್ತಿರ ಬಂದರೆ ಬಿಡಬೇಡಿ. ಎರಕ ಹೊಯ್ದ ಬಿಳಿ ಲೋಹದ ಬೇರಿಂಗ್ ಕಾಲದಲ್ಲಿ ಕೆರೆದು ಕೂರಿಸುತ್ತಿದ್ದರು, ಅದು ದೊಡ್ಡ ಕೈಚಳಕವೇ. ಈ ಶೆಲ್‌ನಲ್ಲಿರೋದೇ ಒಂದು ಥೌ ಲೇಪ, ಕೆರೆದರೆ ದುಡ್ಡು ಕೊಟ್ಟು ತಂದಿದ್ದೇ ಹೋಯಿತು. ಹಾಗೇ ಗ್ಯಾಪ್ ಕಡಿಮೆ ಮಾಡೋಕೆ ಕ್ಯಾಪ್ ಉಜ್ಜೋದು, ಶೆಲ್ ಹಿಂದೆ ತಗಡು ಇಡೋದು ಕೂಡ ಬೇಡ. ಶೆಲ್ ತುದಿ ಸ್ವಲ್ಪ ಎದ್ದು ನಿಂತಿರೋದು ಕ್ಯಾಪ್ ಬಿಗಿಯಾದಾಗ ಅದು ರಾಡಿಗೆ ಕಚ್ಚಿ ಕೂರಲಿ, ಬಿಸಿ ರಾಡಿಗೆ ದಾಟಲಿ ಅಂತ. ಅದನ್ನೂ ಫೈಲ್ ಹಾಕಿ ಸಮ ಮಾಡಬಾರದು. ಕೊನೆಗೆ ಪ್ಲಾಸ್ಟಿಗೇಜ್ (ಗ್ಯಾಪ್ ಅಳೆಯೋ ಮೆತ್ತನೆಯ ಪ್ಲಾಸ್ಟಿಕ್) ಎಳೆ ಇಟ್ಟು, ಕ್ಯಾಪ್ ಬಿಗಿ ಮಾಡಿ, ಬಿಚ್ಚಿ, ಚಪ್ಪಟೆಯಾದ ಎಳೆಯ ಅಗಲವನ್ನು ಪಟ್ಟಿಗೆ ಹೋಲಿಸಿ ಪ್ರತಿ ಜರ್ನಲ್ಲೂ ನೋಡಿದೆ. ಬೋರ್ ಗೇಜಿನ ಲೆಕ್ಕಕ್ಕೆ ತಾಳೆಯಾಯಿತು.

ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯೋ ಥ್ರಸ್ಟ್ ವಾಷರ್‌ಗಳನ್ನು ಸೆಟ್ ಜೊತೆಗೇ ತರಿಸಿ. ಎಂಜಿಬಿಯಲ್ಲಿ ಅವು ನಡುವಿನ ಮೇನ್ ಬೇರಿಂಗ್ ಎರಡೂ ಪಕ್ಕದಲ್ಲಿ ಕೂರುತ್ತವೆ, ಎಣ್ಣೆಯ ತೋಡು (ಗ್ರೂವ್) ಇರೋ ಮುಖ ಕ್ರ್ಯಾಂಕಿನ ಕಡೆ ಬರಬೇಕು. ಕ್ಲಚ್ ಒತ್ತಿದಾಗೆಲ್ಲ ಕ್ರ್ಯಾಂಕನ್ನು ಮುಂದಕ್ಕೆ ತಳ್ಳೋ ಭಾರ ಇವುಗಳ ಮೇಲೇ. ಹಾಗಾಗಿ ಸಿಗ್ನಲ್‌ನಲ್ಲಿ ನಾನು ಕ್ಲಚ್ ಒತ್ತಿ ನಿಲ್ಲೋದಿಲ್ಲ, ನ್ಯೂಟ್ರಲ್ ಮಾಡುತ್ತೇನೆ.

ಕ್ರ್ಯಾಂಕಿನ ಒಳಗಿನ ಎಣ್ಣೆ ದಾರಿಗಳನ್ನು ಬ್ರಷ್ ಹಾಕಿ ತೊಳೆಯದೆ ಹೊಸ ಶೆಲ್ ಹಾಕಲೇಬೇಡಿ, ಗ್ರೈಂಡಿಂಗ್ ಪುಡಿ ಅಡಗಿರೋದು ಅಲ್ಲೇ. ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು, ಗೇಜಿನಲ್ಲಿ ಎಣ್ಣೆ ಪ್ರೆಷರ್ ಕಾಣೋ ತನಕ ಸ್ಟಾರ್ಟರಿನಲ್ಲೇ ಇಂಜಿನ್ ತಿರುಗಿಸಿದೆ, ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದೆ. ಮೊದಲ ಕೆಲವು ನೂರು ಕಿ.ಮೀ. ಆದ ಮೇಲೆ ಎಣ್ಣೆ, ಫಿಲ್ಟರ್ ಎರಡೂ ಬದಲಾಯಿಸಿ, ಹಳೇ ಫಿಲ್ಟರ್ ಬಿಡಿಸಿ ಬಿಸಿಲಲ್ಲಿ ನೋಡಿದೆ. ತಾಮ್ರದ ಬಣ್ಣ ಎಲ್ಲೂ ಇರಲಿಲ್ಲ, ಅಂದರೆ ಶೆಲ್ಲಿನ ನಡುವಿನ ಪದರ ಸವೆದು ಬಂದಿಲ್ಲ. ಈಗ ಬಿಸಿಯಾಗಿ ಹೈವೇಯಲ್ಲಿ ಓಡುವಾಗ ಪ್ರೆಷರ್ 60 ಪಿಎಸ್‌ಐ ಆಸುಪಾಸು ನಿಲ್ಲುತ್ತದೆ.