ಪ್ರಸ್ತಾರ ಹಾಕಿ ಪಿಂಡರನನ್ನು ಓದಿದ್ದು

ಪ್ರಾಚೀನ ಗ್ರೀಕ್ ಕವಿ ಪಿಂಡರನ ಗೆಲುವಿನ ಹಾಡುಗಳನ್ನು ಓದಲು ಹೊರಟವರಿಗೆ ಎಲ್ಲರೂ ಹೇಳುವ ಮಾತು, ಮೊದಲು ಪುರಾಣ ತಿಳಿದುಕೊಳ್ಳಿ, ಗೆದ್ದವನ ವಂಶಾವಳಿ ಬರೆದುಕೊಳ್ಳಿ ಎಂದು. ನಾನು ಅದನ್ನು ಆಮೇಲಕ್ಕೆ ಇಟ್ಟು, ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಕಲಿಸಿದ ಪ್ರಸ್ತಾರದಿಂದ, ಅಂದರೆ ಪ್ರತಿ ಅಕ್ಷರ ಲಘುವೋ ಗುರುವೋ ಎಂದು ಗುರುತು ಹಾಕುವುದರಿಂದ, ಶುರು ಮಾಡಿದೆ. ಗ್ರೀಕ್ ಛಂದಸ್ಸೂ ಲಘು-ಗುರುವಿನದೇ. ಹಾಕುವ ಗುರುತೂ ನಮ್ಮದೇ: ಲಘುವಿಗೆ ಬಟ್ಟಲು, ಗುರುವಿಗೆ ಅಡ್ಡಗೆರೆ. ಇಂಗ್ಲಿಷ್ ಮೂಲಕ ಬಂದವರು ತಿಣುಕುವ ಈ ಜಾಗದಲ್ಲಿ ನಮಗೆ ಅರ್ಧ ಕೆಲಸ ಮುಗಿದಿರುತ್ತದೆ.

ಪಿಂಡರ ಥೀಬ್ಸ್ ಕಡೆಯವನು, ಕ್ರಿ.ಪೂ. 5ನೇ ಶತಮಾನದ ಕವಿ. ಒಲಿಂಪಿಯಾ, ಡೆಲ್ಫಿ, ನೆಮಿಯಾ, ಇಸ್ತ್ಮಸ್, ಈ ನಾಲ್ಕು ಕಡೆಯ ಕ್ರೀಡೆಗಳಲ್ಲಿ ಗೆದ್ದವರು ಅಥವಾ ಅವರ ಮನೆಯವರು ದುಡ್ಡು ಕೊಟ್ಟು ಅವನಿಂದ ಹಾಡು ಬರೆಸುತ್ತಿದ್ದರು. ಉಳಿದಿರುವುದು 45. ಹೆಚ್ಚಿನವು ಮೂರು ಪದ್ಯಗಳ ಕಂತುಗಳಲ್ಲಿ ಸಾಗುತ್ತವೆ: ಸ್ಟ್ರೋಫಿ, ಅದೇ ಲಯದ ಆಂಟಿಸ್ಟ್ರೋಫಿ, ಬೇರೆ ಲಯದ ಎಪೋಡ್. ಮೊದಲ ಕಂತಿನ ಅಚ್ಚಿನಲ್ಲೇ ಉಳಿದ ಕಂತುಗಳೂ ಬರುತ್ತವೆ. ಅವುಗಳ ರಾಗ ಕಳೆದುಹೋಗಿದೆ, ನಮ್ಮ ಕೈಯಲ್ಲಿರುವುದು ಅಕ್ಷರಗಳ ಅಳತೆ ಮಾತ್ರ.

ಲೋಬ್ ಮಾಲೆಯ ಪುಸ್ತಕದಲ್ಲಿ ಎಡಗಡೆ ಗ್ರೀಕ್, ಬಲಗಡೆ ಇಂಗ್ಲಿಷ್. ಬಲಗಡೆಯನ್ನು ಕಾಗದದಿಂದ ಮುಚ್ಚಿಟ್ಟು ಒಂದನೇ ಒಲಿಂಪಿಯನ್ ಹಾಡಿನ ಮೊದಲ ಸಾಲನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. ಸಿರಾಕ್ಯೂಸಿನ ದೊರೆ ಹಿಯೆರೋನನ ಕುದುರೆ ಫೆರೆನಿಕೋಸ್ ಕ್ರಿ.ಪೂ. 476ರಲ್ಲಿ ಗೆದ್ದಾಗಿನ ಹಾಡು ಅದು. 'ಅರಿಸ್ಟೊನ್ ಮೆನ್ ಹುಡೋರ್, ಹೊ ದೆ ಖ್ರೂಸೊಸ್...', ಎಲ್ಲಕ್ಕಿಂತ ಮೇಲು ನೀರು, ಇನ್ನು ಚಿನ್ನವೋ ಎಂದು ಶುರುವಾಗುತ್ತದೆ. ನಮ್ಮ ಲೆಕ್ಕದಲ್ಲಿ 'ಮೆನ್' ಗುರು. ಗ್ರೀಕಿನಲ್ಲಿ ಹಕಾರ ಸ್ವರದ ಮೇಲಿನ ಒಂದು ಸಣ್ಣ ಗುರುತಷ್ಟೇ, ವ್ಯಂಜನದ ಲೆಕ್ಕಕ್ಕಿಲ್ಲ. ಹಾಗಾಗಿ ನಕಾರ ಮುಂದಿನ ಸ್ವರಕ್ಕೆ ಹೋಗಿ ಸೇರಿ 'ಮೆ' ಲಘುವಾಗಿ ಉಳಿಯುತ್ತದೆ. ಅಲ್ಲಿಗೆ ಲಘು-ಗುರು-ಗುರು, ಲಘು-ಲಘು-ಗುರು, ಮತ್ತೆ 'ಹೊ' ಲಘು.

ಎಂಟನೆಯದು 'ದೆ'. ಮುಂದೆ 'ಖ್ರ' ಇದೆ. ಒತ್ತಕ್ಷರದ ಹಿಂದಿನದು ಗುರು ಅನ್ನೋಣವೆಂದರೆ, ಹೀಗೆ ರ, ಲ ಒತ್ತಾಗಿ ಬಂದ ಕಡೆ ಗ್ರೀಕ್ ಕವಿಗಳು ಒಮ್ಮೆ ಗುರು ಮಾಡುತ್ತಾರೆ, ಒಮ್ಮೆ ಬಿಡುತ್ತಾರೆ. ಒತ್ತಕ್ಷರದ ಹಿಂದಿನದು ಲಘುವಾಗಿಯೇ ಉಳಿಯುವ ಹಳಗನ್ನಡದ ಶಿಥಿಲದ್ವಿತ್ವ ಗೊತ್ತಿದ್ದವರಿಗೆ ಇದೇನೂ ವಿಚಿತ್ರವಲ್ಲ, ನಮ್ಮಲ್ಲಿ ರ, ಲ ಮೊದಲು ಬರುತ್ತವೆ, ಅವರಲ್ಲಿ ಆಮೇಲೆ, ಅಷ್ಟೇ. ತೀರ್ಮಾನಕ್ಕೆ ಆಂಟಿಸ್ಟ್ರೋಫಿ ನೋಡಬೇಕು. 'ಥೆಮಿಸ್ಟೇಯೊನ್ ಹೊಸ್ ಅಂಫೆಪೇ', ಎಂಟನೆಯದು 'ಪೇ', ಅನುಮಾನವೇ ಇಲ್ಲದ ಗುರು. ಆದ್ದರಿಂದ 'ದೆ' ಕೂಡ ಗುರು.

ಈ ತಾಳೆ ನೋಡುವ ಕೆಲಸವೇ ನನ್ನ ಇಡೀ ವಿಧಾನ. ಗ್ರೀಕ್ ಲಿಪಿ ಅ-ಆ, ಇ-ಈ ಬೇರೆಬೇರೆಯಾಗಿ ತೋರಿಸುವುದಿಲ್ಲ. ಅನುಮಾನ ಬಂದಲ್ಲೆಲ್ಲ ಜೋಡಿ ಪದ್ಯದ ಅದೇ ಜಾಗಕ್ಕೆ ಹೋಗುತ್ತೇನೆ, ಅಲ್ಲೂ ಬಗೆಹರಿಯದಿದ್ದರೆ ನಿಘಂಟು. ಅಕ್ಷರಗಳ ಮೇಲಿನ ಸ್ವರಚಿಹ್ನೆಗಳು ದನಿಯ ಏರಿಳಿತಕ್ಕೆ ಸೇರಿದವು, ಅಳತೆಗೆ ಬೇಡ. ಒಂದು ಕಂತು ಮುಗಿದ ಮೇಲೆ ತೊಡೆ ತಟ್ಟುತ್ತಾ ಜೋರಾಗಿ ಓದುತ್ತೇನೆ. ಮನೆಯವರಿಗೆ ಈಗ ಅಭ್ಯಾಸವಾಗಿದೆ.

ಹೀಗೆ ಜೋಡಿ ಜೋಡಿಯಾಗಿ ಓದಿದ್ದರಿಂದಲೇ ಎಂಟನೇ ಪಿಥಿಯನ್ ಹಾಡು, ಅಂದರೆ ಡೆಲ್ಫಿಯ ಕ್ರೀಡೆಗಳ ಹಾಡುಗಳಲ್ಲಿ ಎಂಟನೆಯದು, ನನಗೆ ದಕ್ಕಿತು. ಈಜಿನಾ ದ್ವೀಪದ ಅರಿಸ್ಟೊಮೆನೆಸ್ ಡೆಲ್ಫಿಯಲ್ಲಿ ಕುಸ್ತಿ ಗೆದ್ದದ್ದಕ್ಕೆ, ಕ್ರಿ.ಪೂ. 446ರಲ್ಲಿ ಕಟ್ಟಿದ್ದು. ಕೊನೆಯ ಕಂತಿನ ಸ್ಟ್ರೋಫಿಯಲ್ಲಿ ಅವನು ನಾಲ್ವರು ಎದುರಾಳಿಗಳ ಮೇಲೆ ಬೀಳುತ್ತಾನೆ. ಸೋತವರು ಊರಿಗೆ ಮರಳಿದರೆ ತಾಯಿಯ ಹತ್ತಿರವೂ ನಗುವಿಲ್ಲ, ವೈರಿಗಳ ಕಣ್ಣು ತಪ್ಪಿಸಿಕೊಂಡು ಸಂದುಗೊಂದಿಗಳಲ್ಲಿ ಮುದುಡಿಕೊಂಡು ನಡೆಯುತ್ತಾರೆ. ಆಂಟಿಸ್ಟ್ರೋಫಿಗೆ ಬಂದರೆ ಹೊಸ ಗೆಲುವು ಕಂಡವನು ಆಸೆಯ ರೆಕ್ಕೆ ಕಟ್ಟಿಕೊಂಡು ಹಾರುತ್ತಿರುತ್ತಾನೆ. ಮುದುಡಿದವರಿಗೂ ಹಾರುವವನಿಗೂ ಲಘು-ಗುರುಗಳ ಸಾಲು ಒಂದೇ. ಅನುವಾದದಲ್ಲಿ ಇವು ಒಂದರ ಕೆಳಗೊಂದು ಬರುವ ಎರಡು ಪ್ಯಾರಾ ಮಾತ್ರ. ಪ್ರಸ್ತಾರದ ಹಾಳೆಯಲ್ಲಿ ಒಂದರ ಮೇಲೊಂದು ಕೂರುತ್ತವೆ. ಲಯ ಬದಲಾಗುವುದು ಎಪೋಡಿನಲ್ಲಿ. ಎಲ್ಲರೂ ಎತ್ತಿ ಹೇಳುವ ಸಾಲು ಅಲ್ಲಿಯದು: ಒಂದು ದಿನದ ಜೀವಿಗಳು, ಯಾರಾದರೇನು, ಯಾರಲ್ಲದಿದ್ದರೇನು? ನೆರಳಿನ ಕನಸು ಮನುಷ್ಯ. ಬಿಡಿಯಾಗಿ ಓದಿದರೆ ಅದು ಸನ್ಯಾಸಿಯ ಮಾತಿನಂತೆ ಕೇಳುತ್ತದೆ. ಹಿಂದಿನ ಎರಡು ಪದ್ಯಗಳನ್ನು ತಟ್ಟಿ ಓದಿ ಬಂದವರಿಗೆ ಅದು ಅಖಾಡದ ಮಾತು. ಹಿಯೆರೋನನ ಚಿನ್ನ, ಕುದುರೆಗಳಿಗಿಂತ ಇದು ನನಗೆ ಮೇಲು.

ಶುರು ಮಾಡುವವರು 12ನೇ ಒಲಿಂಪಿಯನ್ ಹಾಡು ಹಿಡಿಯಬಹುದು. ಕ್ರೀಟಿನಿಂದ ಗಡೀಪಾರಾಗಿ ಸಿಸಿಲಿಯ ಹಿಮೆರಾದಲ್ಲಿ ನೆಲೆಸಿದ ದೂರದ ಓಟಗಾರ ಎರ್ಗೊಟೆಲೆಸನದು. ಒಂದೇ ಕಂತು, 20 ಸಾಲೂ ಇಲ್ಲ. ಆಮೇಲೆ ಇಸ್ತ್ಮಿಯನ್ 3 ಮತ್ತು 4. ಪ್ರತಿ ಹಾಡಿಗೂ ಹೊಸ ಲಯ ಹೊಸೆಯುವ ಪಿಂಡರ ಇವೆರಡಕ್ಕೆ ಮಾತ್ರ ಒಂದೇ ಲಯ ಇಟ್ಟಿದ್ದಾನೆ, ಒಂದು ಪ್ರಸ್ತಾರದಲ್ಲಿ ಎರಡೂ ಸಾಗುತ್ತವೆ.